ಒಂದು ಮಾತ್ರೆಯ ಹಿಂದಿನ ಇಪ್ಪತ್ತು ವರ್ಷ

ನಮ್ಮ ಜಿಲ್ಲೆಯ ಬಗ್ಗೆ ಬರೆದಾಗಲೆಲ್ಲ ಕಬ್ಬು, ಕಾವೇರಿ, ಮದ್ದೂರು ವಡೆ, ಗಗನಚುಕ್ಕಿ ಇಷ್ಟರಲ್ಲೇ ಸುತ್ತು ಹೊಡೆದಿದ್ದೇನೆ. ಇವತ್ತು ಬೇರೆ ವಿಷಯ. ಮನೆಯಲ್ಲಿ ಎಲ್ಲರ ಜೊತೆ ಕೂತು ಮಾತಾಡೋ ವಿಷಯ ಅಲ್ಲ ಅಂತ ಕೆಲವರು ಮೂಗು ಮುರಿಯಬಹುದು. ಪರವಾಗಿಲ್ಲ, ಬ್ಲಾಗು ಇರೋದೇ ಅಂಥದ್ದಕ್ಕೆ ಅಲ್ವಾ?

ವಿಷಯ ಇದು: ಗಂಡು ಲೈಂಗಿಕ ಕಾರ್ಯಕರ್ತರು, ಮತ್ತು ಹೆಚ್ಐವಿ ಬರುವ ಮೊದಲೇ ತಡೆಯುವ ಒಂದು ಮಾತ್ರೆ. ಆ ಮಾತ್ರೆಯ ಪದ್ಧತಿಗೆ ಎಲ್ಲರೂ ಕರೆಯೋದು 'ಪ್ರೆಪ್' ಅಂತ. ಎಸ್ಸೆಸ್ಸೆಲ್ಸಿಯ ಪ್ರಿಪರೇಟರಿ ಪರೀಕ್ಷೆ ನೆನಪಾದರೆ ತಪ್ಪೇನಿಲ್ಲ, ಎರಡೂ ಮುಂಚಿತ ತಯಾರಿಯೇ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡು ಸಾಫ್ಟ್‌ವೇರು. ಈ ಮಾತ್ರೆಯ ಇತಿಹಾಸ ಓದುತ್ತಾ ಹೋದಾಗ, ನಮ್ಮ ಪಕ್ಕದ ಮೈಸೂರು ಅದರಲ್ಲಿ ದೊಡ್ಡ ಪಾತ್ರ ಮಾಡಿದೆ ಅಂತ ತಿಳಿಯಿತು. ಇದನ್ನು ಕನ್ನಡದಲ್ಲಿ ಒಂದು ಕಡೆ ಬರೆದಿಡಬೇಕು ಅನ್ನಿಸಿತು.

ಯಾರು ಇವರು?

ನಮ್ಮ ಕಡೆ ಗಂಡು ಲೈಂಗಿಕ ಕಾರ್ಯಕರ್ತ ಅಂದರೆ ಯಾವುದೋ ಸಿನಿಮಾ ಪಾತ್ರ ಅಲ್ಲ. ಹಗಲು ಬೇರೆ ಯಾವುದೋ ಕೂಲಿಯೋ ಅಂಗಡಿ ಕೆಲಸವೋ ಇರುತ್ತೆ. ಸಂಜೆ ಬಸ್‌ಸ್ಟಾಂಡು, ರೈಲ್ವೆ ಸ್ಟೇಷನ್ನು, ಪಾರ್ಕು, ಹೆದ್ದಾರಿಯಲ್ಲಿ ಲಾರಿ ನಿಲ್ಲುವ ಜಾಗ. ಮನೆಯಲ್ಲಿ ಹೆಂಡತಿ ಮಕ್ಕಳು ಇರುವವರೂ ಇದ್ದಾರೆ. ಇವರಲ್ಲಿ ಬಹಳ ಜನ ತಮ್ಮನ್ನು ಕರೆದುಕೊಳ್ಳೋದು 'ಕೋಥಿ' ಅಂತ. ('ಥ'ಗೆ ಒತ್ತು ಕೊಟ್ಟು ಓದಿ, ಮಂಗನಿಗೂ ಇದಕ್ಕೂ ಸಂಬಂಧ ಇಲ್ಲ.) ತಮ್ಮ ಹತ್ತಿರ ಬರುವ ಗಂಡಸಿಗೆ 'ಪಂಥಿ' ಅನ್ನುತ್ತಾರೆ. ಸರ್ಕಾರಿ ಕಡತಗಳಲ್ಲಿ ಇವರೆಲ್ಲ 'ಎಮ್ಮೆಸ್ಸೆಮ್' ಅನ್ನೋ ಮೂರಕ್ಷರದೊಳಗೆ ಸೇರಿಹೋಗುತ್ತಾರೆ.

ಕಾನೂನಿನ ಕಣ್ಣಲ್ಲಿ ಇವರ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು. 1860ರ ದಂಡಸಂಹಿತೆಯ 377ನೇ ಸೆಕ್ಷನ್ ಪ್ರಕಾರ ಗಂಡಸರಿಬ್ಬರ ಸಂಬಂಧವೇ ಅಪರಾಧ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಮೊದಲು ಹೆಂಗಸರನ್ನಷ್ಟೇ ನೋಡುತ್ತಿತ್ತು, 1986ರ ತಿದ್ದುಪಡಿಯಲ್ಲಿ 'ವ್ಯಕ್ತಿ' ಅನ್ನೋ ಪದ ಬಂದು ಗಂಡಸರೂ ಅದರೊಳಗೆ ಸೇರಿದರು. ಅಂದರೆ ಒಬ್ಬ ಕೋಥಿಯನ್ನು ಪೊಲೀಸರು ಎರಡು ಬಾಗಿಲಿನಿಂದಲೂ ಒಳಗೆ ಹಾಕಬಹುದಿತ್ತು. ಬೆಂಗಳೂರಿನಲ್ಲಿ ಕೋಥಿಗಳ ಮೇಲೆ, ಹಿಜ್ರಾಗಳ ಮೇಲೆ ನಡೆಯುತ್ತಿದ್ದ ಹಿಂಸೆಯ ಬಗ್ಗೆ ಪಿಯುಸಿಎಲ್ ಕರ್ನಾಟಕ ಘಟಕ 2001 ಮತ್ತು 2003ರಲ್ಲಿ ಎರಡು ವರದಿ ತಂದಿತು. ಓದಿದರೆ ಹೊಟ್ಟೆ ತೊಳೆಸುತ್ತದೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಜೇಬಿನಲ್ಲಿ ಕಾಂಡೋಮ್ ಸಿಕ್ಕರೆ ಅದೇ ಸಾಕ್ಷಿ ಅಂತ ಹೆದರಿಸುವ ಕಾಲದಲ್ಲಿ "ಕಾಂಡೋಮ್ ಬಳಸಿ" ಅಂತ ಗೋಡೆ ಮೇಲೆ ಬರೆಸಿ ಏನು ಪ್ರಯೋಜನ ಹೇಳಿ?

2004: ಎರಡು ಊರು, ಎರಡು ಕಥೆ

ಭಾರತದಲ್ಲಿ ಹೆಚ್ಐವಿ ಮೊದಲು ಪತ್ತೆಯಾಗಿದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿ ಸಂಗ್ರಹಿಸಿದ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿಗಳಲ್ಲಿ. 1992ರಲ್ಲಿ ನ್ಯಾಕೊ ಬಂತು. ಆಮೇಲಿನ ಹತ್ತು ಹನ್ನೆರಡು ವರ್ಷ ನಾವೆಲ್ಲ ಶಾಲೆಯ ಗೋಡೆ ಮೇಲೆ, ಸಾರಿಗೆ ಬಸ್ಸಿನ ಹಿಂದೆ ನೋಡಿದ್ದು ಹೆದರಿಸುವ ಜಾಹೀರಾತುಗಳನ್ನೇ.

2004ಕ್ಕೆ ಬನ್ನಿ. ಆ ವರ್ಷ ಪ್ರಪಂಚದ ಎರಡು ಊರುಗಳಲ್ಲಿ ನಡೆದದ್ದನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಒಂದು, ಕಾಂಬೋಡಿಯಾದ ನಾಮ್ ಪೆನ್. ಟೆನೊಫೊವಿರ್ ಅನ್ನೋ ಔಷಧಿಯನ್ನು ಸೋಂಕು ಇಲ್ಲದವರಿಗೆ ಕೊಟ್ಟರೆ ಸೋಂಕು ತಡೆಯಬಹುದಾ ಅಂತ ಪರೀಕ್ಷಿಸಲು ವಿಜ್ಞಾನಿಗಳು ಅಲ್ಲಿನ ಲೈಂಗಿಕ ಕಾರ್ಯಕರ್ತೆಯರನ್ನು ಆರಿಸಿಕೊಂಡರು. ಆ ಹೆಂಗಸರು ಕೇಳಿದ್ದು ಸರಳ ಪ್ರಶ್ನೆ: ನಮಗೆ ಏನಾದರೂ ಆದರೆ ಮುಂದೆ ನಮ್ಮ ಆರೋಗ್ಯ ನೋಡಿಕೊಳ್ಳೋರು ಯಾರು? ಸರಿಯಾದ ಉತ್ತರ ಸಿಗಲಿಲ್ಲ. ಜುಲೈನಲ್ಲಿ ಬ್ಯಾಂಕಾಕ್‌ನ ಏಡ್ಸ್ ಸಮ್ಮೇಳನದಲ್ಲಿ ಪ್ರತಿಭಟನೆ ನಡೆಯಿತು, ಆಗಸ್ಟಿನಲ್ಲಿ ಅಲ್ಲಿನ ಪ್ರಧಾನಿ ಪ್ರಯೋಗವನ್ನೇ ನಿಲ್ಲಿಸಿದರು. ಒಂದು ಮಾತ್ರೆಯೂ ಯಾರ ಕೈಗೂ ಹೋಗಲಿಲ್ಲ.

ಇನ್ನೊಂದು, ನಮ್ಮ ಮೈಸೂರು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ತಂಡ ಡಾ. ಸುಶೇನಾ ರೆಜಾ ಪಾಲ್ ಅವರ ಮುಂದಾಳುತನದಲ್ಲಿ ಲೈಂಗಿಕ ಕಾರ್ಯಕರ್ತರ ನಡುವೆ ಕೆಲಸ ಶುರುಮಾಡಿತು. ಗೇಟ್ಸ್ ಪ್ರತಿಷ್ಠಾನ 2003ರಲ್ಲಿ ಆರು ರಾಜ್ಯಗಳಲ್ಲಿ ಆರಂಭಿಸಿದ 'ಆವಾಹನ್' ಕಾರ್ಯಕ್ರಮದ ದುಡ್ಡು. ಆಗ ಮೈಸೂರಿನಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಲೈಂಗಿಕ ಕಾರ್ಯಕರ್ತೆಯರ ಪೈಕಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಹೆಚ್ಐವಿ ಇತ್ತು. ಇನ್ನೊಂದು ಸಲ ಓದಿ, ನಾಲ್ವರಲ್ಲಿ ಒಬ್ಬರು!

ಮೈಸೂರಿನಲ್ಲಿ ಸೋನಾಗಾಚಿಯ ಥರ ಒಂದೇ ಬೀದಿಯಲ್ಲಿ ಇವರೆಲ್ಲ ಸಿಗುವುದಿಲ್ಲ. ಬಸ್‌ಸ್ಟಾಂಡು, ಮಾರ್ಕೆಟ್ಟು, ಲಾಡ್ಜು ಅಂತ ಊರೆಲ್ಲ ಚದುರಿಹೋಗಿರುತ್ತಾರೆ. ಹಾಗಾಗಿ ಹುಡುಕುವ ಕೆಲಸವನ್ನು ಆ ವೃತ್ತಿಯಲ್ಲಿ ಇದ್ದವರೇ ಮಾಡಬೇಕಾಯಿತು. ಅವರು ಕೇಳಿದ್ದರಲ್ಲಿ ಒಂದು ಮುಖ್ಯ ಬೇಡಿಕೆ ಏನು ಗೊತ್ತಾ? ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಳ್ಳಲು, ಸ್ನಾನ ಮಾಡಲು, ಯಾರೂ ಓಡಿಸದ ಒಂದು ಜಾಗ. ಹಾಗೆ ಬಂದದ್ದು ಡ್ರಾಪ್ ಇನ್ ಸೆಂಟರು, ಅದರ ಜೊತೆಗೆ ಕ್ಲಿನಿಕ್ಕು. ಪೊಲೀಸರೋ ರೌಡಿಗಳೋ ಹಿಡಿದು ಹೊಡೆದರೆ ಓಡಿ ಬರುವ ತಂಡವೂ ಬಂತು. 2005ರ ಕೊನೆಗೆ ಇವರೆಲ್ಲ ಸೇರಿ 'ಆಶೋದಯ ಸಮಿತಿ' ಕಟ್ಟಿಕೊಂಡರು. ಹೆಂಗಸರು, ಗಂಡಸರು, ಟ್ರಾನ್ಸ್‌ಜೆಂಡರ್‌ಗಳು ಮೂವರೂ ಒಂದೇ ಸಂಘದಲ್ಲಿ. ಮುಂದೆ ಮೈಸೂರಿನ ಸುತ್ತಲ ಜಿಲ್ಲೆಗಳಿಗೂ ಇವರ ಕೆಲಸ ಹಬ್ಬಿತು. 2006ರಲ್ಲಿ ಮತ್ತೆ ಸಮೀಕ್ಷೆ ಮಾಡಿದಾಗ ಕಾರ್ಯಕರ್ತೆಯರಲ್ಲಿ ಸಿಫಿಲಿಸ್ ಕಾಯಿಲೆ ಅರ್ಧಕ್ಕೆ ಇಳಿದಿತ್ತು, ಕಾಂಡೋಮ್ ಬಳಕೆ ಏರಿತ್ತು.

ನಾಮ್ ಪೆನ್‌ನಲ್ಲಿ ಔಷಧಿ ಮೊದಲು ಬಂತು, ಜನರನ್ನು ಕೇಳುವುದು ಆಮೇಲೆ ಅಂದುಕೊಂಡರು. ಮೈಸೂರಿನಲ್ಲಿ ಜನರನ್ನು ಕೇಳಿದ್ದು ಮೊದಲು, ಔಷಧಿ ಬಂದದ್ದು ಹನ್ನೆರಡು ವರ್ಷ ಆದಮೇಲೆ. ನಾನು ಹೇಳಹೊರಟಿರುವುದರ ತಿರುಳು ಇಷ್ಟೇ.

ಹೆಸರು ಸಿಕ್ಕ ಬಗೆ

ಗಂಡಸರ ಕಥೆಗೆ ಬರೋಣ. 2009ರಲ್ಲಿ ಮಾನವಶಾಸ್ತ್ರಜ್ಞ ರಾಬರ್ಟ್ ಲಾರ್ವೇ ಮೈಸೂರಿನ ಸಂಗಾತಿಗಳ ಜೊತೆ ಸೇರಿ, ಮೈಸೂರಿನಲ್ಲಿ ಒಬ್ಬ 'ಗಂಡು ಲೈಂಗಿಕ ಕಾರ್ಯಕರ್ತ' ಆಗುವುದು ಹೇಗೆ ಅನ್ನೋದರ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದರು. ಅದರ ಸಾರ ನನಗೆ ಅರ್ಥವಾದಂತೆ ಹೀಗಿದೆ. ಯೋಜನೆ ಬರುವ ಮೊದಲು ಇವರ ಹತ್ತಿರ ಆ ಹೆಸರು ಇರಲಿಲ್ಲ. ಕೋಥಿ ಅನ್ನೋದು ಇತ್ತು, ಸ್ನೇಹ ಇತ್ತು, ದುಡ್ಡಿನ ವ್ಯವಹಾರವೂ ಇತ್ತು. ಯೋಜನೆಯಲ್ಲಿ ತರಬೇತಿ ಪಡೆದು, ತಮ್ಮವರನ್ನೇ ಸಂದರ್ಶನ ಮಾಡುತ್ತಾ, ಲೆಕ್ಕ ಬರೆಯುತ್ತಾ, 'ನಾನೂ ಒಬ್ಬ ಕಾರ್ಯಕರ್ತ, ನನಗೂ ಹಕ್ಕಿದೆ' ಅನ್ನೋ ಗುರುತು ಅವರಲ್ಲಿ ಬೆಳೆಯಿತು.

ಇದರಲ್ಲಿ ಒಳ್ಳೆಯದೂ ಇದೆ, ತೊಡಕೂ ಇದೆ. ಹೆಸರು ಇದ್ದರೆ ಠಾಣೆಗೆ ಹೋಗಿ ಹತ್ತು ಜನ ಸೇರಿ ಮಾತಾಡಬಹುದು, ಸಂಘ ಕಟ್ಟಬಹುದು. ಆದರೆ ಆ ಹೆಸರು ಬೇಡ ಅನ್ನುವವರು ಯೋಜನೆಯ ಪಟ್ಟಿಯಿಂದಲೇ ಹೊರಗೆ ಉಳಿಯುತ್ತಾರೆ. ಮೈಸೂರಿನಂಥ ದೊಡ್ಡ ಊರಲ್ಲಿ ಹೆಸರು ಒಪ್ಪಿಕೊಂಡು ಬದುಕೋದು ಒಂದು ಮಟ್ಟಕ್ಕೆ ಸಾಧ್ಯ. ಮಳವಳ್ಳಿಯಲ್ಲಿ? ಅಲ್ಲಿ ಬಸ್ಸಿಳಿದು ಟೀ ಅಂಗಡಿ ದಾಟುವಷ್ಟರಲ್ಲಿ ನಾಲ್ಕು ಜನ "ಯಾರ ಮಗ್ನಪ್ಪ ನೀನು?" ಅಂತ ಕೇಳಿರುತ್ತಾರೆ!

ಮಾತ್ರೆ ಗೆದ್ದದ್ದು, ಸೋತದ್ದು

ಅತ್ತ ವಿಜ್ಞಾನ ಮುಂದೆ ಹೋಯಿತು. 2010ರ ನವೆಂಬರಿನಲ್ಲಿ 'ಐಪ್ರೆಕ್ಸ್' ಅನ್ನೋ ಪ್ರಯೋಗದ ಫಲಿತಾಂಶ ಬಂತು. ಆರು ದೇಶಗಳ 2,499 ಮಂದಿ, ಎಲ್ಲರೂ ಗಂಡಸರೊಂದಿಗೆ ಸಂಬಂಧ ಇರುವ ಗಂಡಸರು ಮತ್ತು ಟ್ರಾನ್ಸ್ ಮಹಿಳೆಯರು. ದಿನಕ್ಕೊಂದು ಮಾತ್ರೆ, ಅದರೊಳಗೆ ಟೆನೊಫೊವಿರ್ ಮತ್ತು ಎಮ್‌ಟ್ರಿಸಿಟಾಬಿನ್ ಎರಡೂ. ಒಟ್ಟಾರೆ ಹೊಸ ಸೋಂಕು 44 ಶೇಕಡಾ ಕಡಿಮೆಯಾಗಿತ್ತು. ನಿಜವಾಗಿ ಮಾತ್ರೆ ನುಂಗಿದವರಲ್ಲಿ, ಅಂದರೆ ರಕ್ತದಲ್ಲಿ ಔಷಧಿಯ ಅಂಶ ಸಿಕ್ಕವರಲ್ಲಿ, ರಕ್ಷಣೆ ಇನ್ನೂ ಬಹಳ ಹೆಚ್ಚಿತ್ತು. 2012ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪಾಯ ಹೆಚ್ಚಿರುವ ಎಲ್ಲರಿಗೂ ಕೊಡಬಹುದು ಎಂದಿತು.

ಕೆಲಸ ಮಾಡುವ ರೀತಿ ಸರಳ. ವೈರಸ್ ನಮ್ಮ ಜೀವಕೋಶದೊಳಗೆ ಹೊಕ್ಕು ತನ್ನ ನಕಲು ಮಾಡಿಕೊಳ್ಳಲು ಒಂದು ಕಿಣ್ವ ಬೇಕು. ಮಾತ್ರೆ ಮೊದಲೇ ಒಳಗಿದ್ದರೆ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಶುರುಮಾಡುವ ಮುಂಚೆ ಹೆಚ್ಐವಿ ಇಲ್ಲ ಅಂತ ಪರೀಕ್ಷೆಯಲ್ಲಿ ಖಾತ್ರಿಯಾಗಬೇಕು. ಕಿಡ್ನಿ, ಹೆಪಟೈಟಿಸ್ ಬಿ ನೋಡಬೇಕು. ಮೂರು ತಿಂಗಳಿಗೊಮ್ಮೆ ಮತ್ತೆ ಹೆಚ್ಐವಿ ಪರೀಕ್ಷೆ ಮಾಡಿಸಬೇಕು. ಸಿಫಿಲಿಸ್, ಗೊನೊರಿಯಾ ಇದರಿಂದ ನಿಲ್ಲುವುದಿಲ್ಲ, ಅದಕ್ಕೆ ಕಾಂಡೋಮೇ ಬೇಕು. ಗಂಡಸರಿಗೆ ಇನ್ನೊಂದು ಕ್ರಮವೂ ಇದೆ: ಸಂಬಂಧಕ್ಕೆ 2ರಿಂದ 24 ಗಂಟೆ ಮುಂಚೆ ಎರಡು ಮಾತ್ರೆ, ಅದಾಗಿ 24 ಗಂಟೆಗೆ ಒಂದು, ಮತ್ತೆ 24 ಗಂಟೆಗೆ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನೂ ಒಪ್ಪಿತು. ಹೆಪಟೈಟಿಸ್ ಬಿ ಇರುವವರಿಗೆ ಈ ಬಿಟ್ಟುಬಿಟ್ಟು ನುಂಗುವ ಕ್ರಮ ಸಲ್ಲದು. ಹಾಗಾಗಿ ಇದನ್ನು ಓದಿ ಯಾರೂ ತಾವೇ ಡಾಕ್ಟರಾಗಬೇಡಿ, ವೈದ್ಯರನ್ನು ಕೇಳಿ.

ಸೋಲಿನ ಕಥೆಯೂ ಇದೆ. ಆಫ್ರಿಕಾದ ಹೆಂಗಸರ ನಡುವೆ ನಡೆದ 'ಫೆಮ್ ಪ್ರೆಪ್' ಪ್ರಯೋಗವನ್ನು 2011ರಲ್ಲಿ ನಿಲ್ಲಿಸಬೇಕಾಯಿತು. 2013ರಲ್ಲಿ ಬಂದ 'ವಾಯ್ಸ್' ಪ್ರಯೋಗದ ಫಲಿತಾಂಶವೂ ನಿರಾಶೆಯದೇ. ಕಾರಣ ಔಷಧಿಯಲ್ಲಿರಲಿಲ್ಲ. ಬಹಳ ಜನ ಮಾತ್ರೆಯನ್ನು ಇಸಕೊಂಡು ಹೋಗಿದ್ದರು, ನುಂಗಿರಲಿಲ್ಲ. ಸಾಫ್ಟ್‌ವೇರಿನವರಿಗೆ ಇದು ಹೊಸದಲ್ಲ. ನಮ್ಮ ಲ್ಯಾಬಿನಲ್ಲಿ ಚೆನ್ನಾಗಿ ಓಡಿದ್ದು ಗಿರಾಕಿಯ ಆಫೀಸಿನಲ್ಲಿ ಯಾರೂ ತೆರೆದೂ ನೋಡದೆ ಬಿದ್ದಿರುತ್ತದೆ. ವ್ಯತ್ಯಾಸ ಇಷ್ಟೇ, ನಮ್ಮದರಲ್ಲಿ ಯಾರ ಜೀವವೂ ಹೋಗುವುದಿಲ್ಲ.

ಈ ಹಿನ್ನೆಲೆಯಲ್ಲಿ ಮೈಸೂರಿನದು ದೊಡ್ಡ ಸುದ್ದಿ. ಕೋಲ್ಕತ್ತದಲ್ಲಿ ದರ್ಬಾರ್ ಮಹಿಳಾ ಸಮನ್ವಯ ಸಮಿತಿ, ಮೈಸೂರಿನಲ್ಲಿ ಆಶೋದಯ, ಇವೆರಡರ ಮೂಲಕ ಭಾರತದ ಮೊದಲ ಪ್ರೆಪ್ ಪ್ರಾಯೋಗಿಕ ಯೋಜನೆಗಳು ನಡೆದವು. ಮೈಸೂರಿನಲ್ಲಿ ಮಾತ್ರೆ ಕೊಡುವ ಮುಂಚೆ ತಿಂಗಳುಗಟ್ಟಲೆ ಬರೀ ಮಾತುಕತೆ. ಅಡ್ಡಪರಿಣಾಮ ಏನು? ಗಿರಾಕಿ ಕಾಂಡೋಮ್ ಬೇಡ ಅಂದರೆ? ಡಬ್ಬಿ ನೋಡಿ ನಮಗೇ ಏಡ್ಸ್ ಇದೆ ಅಂದುಕೊಂಡರೆ? ಇಂಥ ಪ್ರಶ್ನೆಗಳನ್ನು ಅವರೇ ಎತ್ತಿ, ಅವರೇ ಚರ್ಚೆ ಮಾಡಿ, ಆಮೇಲೆ ಶುರುವಾಯಿತು. ಎರಡೂ ಊರು ಸೇರಿ ಸುಮಾರು 1,300 ಹೆಣ್ಣುಮಕ್ಕಳು. ಯೋಜನೆ ಮುಗಿಸಿದವರಲ್ಲಿ ಒಬ್ಬರಿಗೂ ಹೊಸದಾಗಿ ಹೆಚ್ಐವಿ ಬರಲಿಲ್ಲ. ಅರ್ಧಕ್ಕೆ ಬಿಟ್ಟವರೂ ಕಡಿಮೆ. ಬೇರೆ ಕಡೆ ದೊಡ್ಡ ದೊಡ್ಡ ಸಂಶೋಧಕರಿಗೆ ಆಗದ್ದು ಇಲ್ಲಿ ಆಗಿದ್ದು ಹೇಗೆ ಅಂದರೆ, ಮಾತ್ರೆ ನುಂಗಿದೆಯಾ ಅಂತ ಕೇಳುವವಳು ಹತ್ತು ವರ್ಷದಿಂದ ಜೊತೆಗಿದ್ದ ಗೆಳತಿಯೇ ಆಗಿದ್ದಳು.

ಆದರೆ ಗಂಡಸರು?

ಗಮನಿಸಿದಿರಾ, ಮೇಲಿನ ಯೋಜನೆಗಳು ಹೆಣ್ಣು ಲೈಂಗಿಕ ಕಾರ್ಯಕರ್ತೆಯರಿಗಾಗಿ ಇದ್ದವು. ಪ್ರೆಪ್ ಕೆಲಸ ಮಾಡುತ್ತೆ ಅಂತ ಪ್ರಪಂಚಕ್ಕೆ ಮೊದಲು ಗಟ್ಟಿಯಾಗಿ ತೋರಿಸಿದ ಐಪ್ರೆಕ್ಸ್ ನಡೆದದ್ದು ಗಂಡಸರಲ್ಲಿ ಮತ್ತು ಟ್ರಾನ್ಸ್ ಮಹಿಳೆಯರಲ್ಲಿ. ನಮ್ಮ ದೇಶದ ಮೊದಲ ಯೋಜನೆಗಳಲ್ಲಿ ಅವರೇ ಇಲ್ಲ. ಆ ಹೊತ್ತಿಗೆ ಗಂಡಸರ ಪರಿಸ್ಥಿತಿಯೂ ಹಾಗೇ ಇತ್ತು. 2009ರಲ್ಲಿ ದೆಹಲಿ ಹೈಕೋರ್ಟು 377ರ ಉರುಳು ಸಡಿಲ ಮಾಡಿತ್ತು, 2013ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಗಿ ಮಾಡಿತು. 2018ರ ಸೆಪ್ಟೆಂಬರ್ 6ರ ತೀರ್ಪು ಬರುವವರೆಗೂ ಈ ಗಂಡಸರ ಬದುಕು ಕಾನೂನಿನ ಪ್ರಕಾರ ಅಪರಾಧವೇ. ಅದೇ ತಿಂಗಳು, ಸೆಪ್ಟೆಂಬರ್ 10ರಂದು, ಹೆಚ್ಐವಿ ಇರುವವರನ್ನು ತಾರತಮ್ಯದಿಂದ ಕಾಪಾಡುವ 2017ರ ಕಾಯ್ದೆ ಜಾರಿಗೆ ಬಂತು. 2022ರ ಮೇ 19ರಂದು ಸುಪ್ರೀಂ ಕೋರ್ಟು ಲೈಂಗಿಕ ಕಾರ್ಯಕರ್ತರಿಗೂ ಘನತೆಯ ಬದುಕಿನ ಹಕ್ಕಿದೆ, ಕಾಂಡೋಮನ್ನು ಅಪರಾಧದ ಸಾಕ್ಷಿಯಾಗಿ ನೋಡಬಾರದು ಎಂಬ ನಿರ್ದೇಶನಗಳನ್ನು ಕೊಟ್ಟಿತು. ಅದೇ ವರ್ಷ ನ್ಯಾಕೊ ಪ್ರೆಪ್ ಬಗ್ಗೆ ರಾಷ್ಟ್ರೀಯ ಮಾರ್ಗಸೂಚಿಯನ್ನೂ ತಂದಿತು, ಅದರಲ್ಲಿ ಗಂಡಸರೂ ಇದ್ದಾರೆ.

ಕಾಗದದ ಮೇಲೆ ದಾರಿ ತೆರೆದಿದೆ. ಊರಿನಲ್ಲಿ? ಸೋಂಕು ಬಂದಮೇಲೆ ಕೊಡುವ ಎಆರ್‌ಟಿ ಔಷಧಿ 2004ರ ಏಪ್ರಿಲ್ 1ರಿಂದ ಉಚಿತ. ನಮ್ಮ ಮಂಡ್ಯದ ಮಿಮ್ಸ್‌ನಲ್ಲೂ ಎಆರ್‌ಟಿ ಕೇಂದ್ರ ಇದೆ. ತಾಲೂಕು ಆಸ್ಪತ್ರೆಗೆ ಹೋದರೆ ಐಸಿಟಿಸಿಯಲ್ಲಿ ಪರೀಕ್ಷೆಯೂ ಉಚಿತ. ಸೋಂಕು ಬರದ ಹಾಗೆ ತಡೆಯುವ ಮಾತ್ರೆ ಮಾತ್ರ ಅಷ್ಟೇ ಸಲೀಸಾಗಿ ದೇಶದ ಎಲ್ಲ ಕಡೆ ಉಚಿತವಾಗಿ ಸಿಗುವ ಮಟ್ಟಕ್ಕೆ ಬಂದಿಲ್ಲ. ದಿನಕ್ಕೆ ಇನ್ನೂರು ಮುನ್ನೂರು ಸಂಪಾದಿಸುವವನು ತಿಂಗಳು ತಿಂಗಳು ಔಷಧಿ ಅಂಗಡಿಗೆ ದುಡ್ಡು ಕೊಡುತ್ತಾನಾ? ಬಂದಮೇಲೆ ಜೀವನಪೂರ್ತಿ ಸರ್ಕಾರದ ಖರ್ಚು, ಬರುವ ಮೊದಲು ಅವನದೇ ಖರ್ಚು. ಲೆಕ್ಕ ಎಲ್ಲೋ ತಪ್ಪಿದೆ ಅನ್ನಿಸಲ್ವಾ?

ಇದರಲ್ಲಿ ಇನ್ನೊಂದು ವಿಪರ್ಯಾಸ ನೋಡಿ. ಏಡ್ಸ್ ಔಷಧಿಯನ್ನು ಬಡವರ ಕೈಗೆ ಎಟುಕುವ ಹಾಗೆ ಮಾಡಿದ್ದೇ ಭಾರತ. 2001ರಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಅಂದಾಗ ಬಹುರಾಷ್ಟ್ರೀಯ ಕಂಪನಿಗಳಿಗೆ ಬೆವರಿತ್ತು, ಆಗ ಅವರ ದರ ಹತ್ತು ಸಾವಿರ ಡಾಲರಿನ ಆಸುಪಾಸು. 2009ರಲ್ಲಿ ನಮ್ಮ ಪೇಟೆಂಟ್ ಕಚೇರಿ ಟೆನೊಫೊವಿರ್ ಮೇಲಿನ ಗಿಲಿಯಡ್ ಕಂಪನಿಯ ಅರ್ಜಿಗಳನ್ನು ತಿರಸ್ಕರಿಸಿತು. ಆಫ್ರಿಕಾದ ಎಷ್ಟೋ ಹಳ್ಳಿಗಳಲ್ಲಿ ನುಂಗುವ ಪ್ರೆಪ್ ಮಾತ್ರೆ ತಯಾರಾಗುವುದು ನಮ್ಮ ದೇಶದ ಕಾರ್ಖಾನೆಗಳಲ್ಲೇ. ಅದು ಸಮುದ್ರ ದಾಟಿ ಹೋಗುತ್ತೆ, ಮದ್ದೂರಿಗೆ ಬರೋದು ಕಷ್ಟ!

ಡಬ್ಬಿ ಎಲ್ಲಿಡೋದು?

ಉಚಿತವಾಗಿ ಕೊಟ್ಟರೂ ಮುಗಿಯುವುದಿಲ್ಲ. ಪ್ರೆಪ್ ಮಾತ್ರೆಯಲ್ಲಿರುವ ಟೆನೊಫೊವಿರ್ ಹೆಚ್ಐವಿ ಚಿಕಿತ್ಸೆಯಲ್ಲೂ ಇದೆ. ಡಬ್ಬಿಯೂ ಹೆಚ್ಚುಕಡಿಮೆ ಅದೇ ಥರ. ಮನೆಯಲ್ಲಿ ಹೆಂಡತಿಯ ಕಣ್ಣಿಗೆ ಬಿದ್ದರೆ ಏನು ಹೇಳೋದು? "ಕಾಯಿಲೆ ಇಲ್ಲ, ಬರದ ಹಾಗೆ ತಗೋತಿದೀನಿ" ಅಂದರೆ ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು. ಮದುವೆ ಅನ್ನೋದು ನಮ್ಮ ಜಿಲ್ಲೆಯಲ್ಲಿ ಎಷ್ಟು ದೊಡ್ಡ ವಿಷಯ ಅಂದರೆ, 2023ರ ಫೆಬ್ರವರಿಯಲ್ಲಿ ಹೆಣ್ಣು ಸಿಗದ ರೈತರ ಮಕ್ಕಳು ಮದ್ದೂರು ತಾಲೂಕಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ 'ಬ್ರಹ್ಮಚಾರಿಗಳ ಪಾದಯಾತ್ರೆ' ಹೋದರು. ಇಂಥ ಕಡೆ ಒಬ್ಬ ಕೋಥಿ ಮದುವೆ ಬೇಡ ಅಂತ ನಿಲ್ಲೋದು ಸುಲಭವಲ್ಲ. ಮದುವೆ ಆಗುತ್ತೆ, ಎರಡನೇ ಬದುಕು ಗುಟ್ಟಾಗಿ ನಡೆಯುತ್ತೆ. ಅವನಿಗೆ ಸೋಂಕು ತಪ್ಪಿದರೆ ಏನೂ ಗೊತ್ತಿಲ್ಲದ ಆ ಹೆಣ್ಣುಮಗಳಿಗೂ ತಪ್ಪುತ್ತದೆ. "ಅವರಿಗ್ಯಾಕೆ ನಮ್ಮ ತೆರಿಗೆ ದುಡ್ಡು" ಅನ್ನುವವರು ಇದನ್ನು ಸ್ವಲ್ಪ ಯೋಚನೆ ಮಾಡಬೇಕು.

ಜಾಗವೂ ಬದಲಾಗಿದೆ. ಹಳೇ ಕಾರ್ಯಕ್ರಮಗಳು ನಡೆದದ್ದು 'ಹಾಟ್‌ಸ್ಪಾಟ್' ಲೆಕ್ಕದಲ್ಲಿ. ಪೀರ್ ಅಂತ ಕರೆಸಿಕೊಳ್ಳುವ, ಅದೇ ಸಮುದಾಯದ ಒಬ್ಬ ಕಾರ್ಯಕರ್ತ ಸಂಜೆ ಬಸ್‌ಸ್ಟಾಂಡಿಗೆ ಹೋದರೆ ತನ್ನವರು ಸಿಗುತ್ತಿದ್ದರು. 2023ರ ಮಾರ್ಚಿನಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ಹೈವೇ ಉದ್ಘಾಟನೆಯಾಯಿತು. ವಾಹನಗಳು ಮದ್ದೂರು, ಮಂಡ್ಯ ಊರೊಳಗೆ ಬರದೆ ಬೈಪಾಸಿನಲ್ಲಿ ಹಾರಿಹೋಗತೊಡಗಿದವು, ವಡೆ ಮಾರುವ ಹೋಟೆಲಿನವರೂ ವ್ಯಾಪಾರ ಇಲ್ಲ ಅಂತ ಗೋಳಾಡಿದ್ದು ಪೇಪರಿನಲ್ಲಿ ಬಂತು. ಜೊತೆಗೆ ಮೊಬೈಲು. ಈಗಿನ ಹುಡುಗ ಮನೆಯ ಜಗಲಿ ಮೇಲೆ ಕೂತು ಫೋನಿನಲ್ಲೇ ಗಿರಾಕಿ ಹುಡುಕಬಹುದು. ಅವನನ್ನು ಹುಡುಕಲು ಪೀರ್ ಯಾವ ಬಸ್‌ಸ್ಟಾಂಡಿಗೆ ಹೋಗಬೇಕು?

ಹೊಸ ಆಸೆಯೂ ಹುಟ್ಟಿದೆ. ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಲೆನಕಾಪವಿರ್ ಅನ್ನೋ ಇಂಜೆಕ್ಷನ್ನಿಗೆ 2025ರ ಜೂನಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡಿತು. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಇದನ್ನು 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ ಬಡ ದೇಶಗಳಿಗೆ ಕೊಡುವ ಒಪ್ಪಂದ 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಡಬ್ಬಿ ಬಚ್ಚಿಡುವ ತಾಪತ್ರಯವೇ ಇಲ್ಲ. ವರ್ಷಕ್ಕೆ ಎರಡು ಸಲ ಆಸ್ಪತ್ರೆಗೆ ಬಂದರೆ ಸಾಕು.

ಆದರೆ ಆ ಎರಡು ಸಲ ಬರಬೇಕಲ್ಲ! ಆಸ್ಪತ್ರೆಯ ಕೌಂಟರಿನಲ್ಲಿ "ಏನ್ ಕಾಯ್ಲೆ?" ಅಂತ ನಾಲ್ಕು ಜನರಿಗೆ ಕೇಳುವ ಹಾಗೆ ಕೂಗಿದರೆ ಅವನು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಜೊತೆಗೆ ಬಂದು, "ಇವರು ನಮ್ಮೋರು ಕಣಣ್ಣ, ಸ್ವಲ್ಪ ನೋಡಿ" ಅಂತ ಹೇಳಿ, ಬೆಂಚಿನ ಮೇಲೆ ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯ ಬೇಕು. ಮೈಸೂರಿನವರು 2004ರಿಂದ ತಯಾರು ಮಾಡಿದ್ದು ಅಂಥ ಮನುಷ್ಯರನ್ನು. ಅವರ ಸಂಬಳ, ಬಸ್ ಚಾರ್ಜು, ಕೂರುವುದಕ್ಕೆ ಒಂದು ಬಾಡಿಗೆ ರೂಮು, ಇವು ಯಾವ ಔಷಧಿ ಕಂಪನಿಯ ಬಿಲ್ಲಿನಲ್ಲೂ ಇರುವುದಿಲ್ಲ. ಯೋಜನೆಯ ದುಡ್ಡು ನಿಂತಾಗ ಮೊದಲು ಕತ್ತರಿ ಬೀಳುವುದೂ ಅಲ್ಲೇ. ಮಂಡ್ಯ, ಮದ್ದೂರು, ಮಳವಳ್ಳಿಗೆ ಪ್ರೆಪ್ ಬರಬೇಕು ಅಂದರೆ ಮಾತ್ರೆಯ ಜೊತೆಗೆ ಈ ಖರ್ಚನ್ನೂ ಸರ್ಕಾರ ಬಜೆಟ್ಟಿನಲ್ಲಿ ಬರೆಯಬೇಕು ಅನ್ನೋದು ನನ್ನ ಅನಿಸಿಕೆ.

ಬಹಳ ಉದ್ದ ಆಯಿತು. ಆರೋಗ್ಯ ಇಲಾಖೆಯಲ್ಲೋ, ಇಂಥ ಸಂಘಗಳಲ್ಲೋ ಕೆಲಸ ಮಾಡಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ನಿಮ್ಮ ತಾಲೂಕಿನಲ್ಲಿ ಏನು ನಡೀತಿದೆ ಅಂತ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಯಾರ ಹೆಸರೂ, ಗುರುತೂ ಹಾಕಬೇಡಿ, ಅದೊಂದು ಎಚ್ಚರ ಇರಲಿ. ಈ ಮಾತ್ರೆಯ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಇದ್ದರೆ, ರಾತ್ರಿ ಹೊತ್ತು ಒಬ್ಬನೇ ಕೂತು ಮೊಬೈಲಿನಲ್ಲಿ ಹುಡುಕುವ ನಮ್ಮೂರ ಯಾವನೋ ಒಬ್ಬನಿಗೆ ಅದು ಸಿಗಬಹುದು.